ಸರದಿಯಲ್ಲಿ ನಿಂತ ಮಾತು

ಆ ವಾರ್ಡಿನ ಹಿರಿಯ ಸಿಸ್ಟರ್ ಸಂದೇಶಗಳನ್ನು ತಾವೊಬ್ಬರೇ ಓದಿಕೊಂಡು ಸುಮ್ಮನಾಗುವವರಲ್ಲ. ಮೇಜಿನ ಮೇಲಿನ ಕಂಪ್ಯೂಟರಿಗೆ ಯಾವುದಾದರೂ ಮಂಚದ ಹೆಸರಿನಲ್ಲಿ ಮನೆಯವರ ಮಾತು ಬಂದರೆ ಎದ್ದು ಆ ಮಂಚದ ಹತ್ತಿರ ಹೋಗುತ್ತಿದ್ದರು. ರೋಗಿಯ ಕಿವಿಯ ಬಳಿ ಬಾಗಿ, ಒಂದಕ್ಷರ ಬಿಡದೆ ಜೋರಾಗಿ ಓದುತ್ತಿದ್ದರು. "ಅಜ್ಜಾ, ಕೇಳ್ರಿ. ನಿಮ್ಮ ಮೊಮ್ಮಗಳ ಜ್ವರಾ ಇಳದಾವಂತ. ಕೆಂದಾಕಳ ಕರಾ ಹಾಕೇತಂತ." ಕೇಳಿಸಿಕೊಂಡವರು ಕಣ್ಣು ಬಿಟ್ಟರೆ, ತುಟಿ ಅಲುಗಿಸಿದರೆ, ಇಲ್ಲವೇ ಹ್ಞೂಂ ಎಂದರೆ, ತಿರುಗಿ ಬಂದು ಎರಡೇ ಪದ ಟೈಪ್ ಮಾಡುತ್ತಿದ್ದರು: "ಹ್ಞೂಂ ಅಂದ್ರು."

ಆ ಸಂದೇಶಗಳು ಬರುವ ಚಾಟನ್ನು ಆಸ್ಪತ್ರೆಗೆ ನಾವು ಮಾಡಿಕೊಟ್ಟದ್ದು ಇದಕ್ಕಲ್ಲ. ಆಸ್ಪತ್ರೆ ನಡೆಸುವ ಡಾಕ್ಟರಿಗೆ ಬೇಕಾಗಿದ್ದದ್ದು ಅಂಗಳದ ಗದ್ದಲ ಕಡಿಮೆ ಮಾಡುವ ಒಂದು ಉಪಾಯ. ತೀವ್ರ ನಿಗಾ ವಾರ್ಡಿನಲ್ಲಿ ಒಬ್ಬರು ಮಲಗಿದರೆ ಹೊರಗೆ ಬೇವಿನ ಗಿಡದ ಕೆಳಗೆ ಇಡೀ ಬಳಗ ಬುತ್ತಿ ಬಿಚ್ಚಿಕೊಂಡು ಕೂರುತ್ತದೆ. ಹುನಗುಂದದಿಂದ ಬಂದವರು ಹೋಗುವಷ್ಟರಲ್ಲಿ ಬಾದಾಮಿಯವರು ಬಂದಿರುತ್ತಾರೆ. ಬಾಗಿಲಲ್ಲಿ ನಿಂತ ಕಾವಲಿನವನಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹೆಂಗದಾರ? ಅದಕ್ಕೆ ಉತ್ತರ ಫೋನಿನಲ್ಲೇ ಸಿಗುವಂತಾದರೆ ಮಂದಿ ಮನೆಯಲ್ಲೇ ಇರುತ್ತಾರೆ ಎಂಬುದು ಡಾಕ್ಟರ ಲೆಕ್ಕ. ಗಂಜಿ ಕೊಡಬಹುದೇ, ಯಾವ ಔಷಧಿ ತರಬೇಕು, ಡಾಕ್ಟರು ಎಷ್ಟೊತ್ತಿಗೆ ಸಿಗುತ್ತಾರೆ, ಇಂಥದ್ದಕ್ಕೆಂದು ಮಾಡಿದ್ದು. ಆದರೆ ಊರಲ್ಲಿದ್ದವರು ಕಾಯುತ್ತಿದ್ದದ್ದು ಗಂಜಿಯ ಸುದ್ದಿಗಲ್ಲ, ಆ ಎರಡು ಪದಗಳಿಗೆ.

ಹೀಗೇಕೆ ಓದುತ್ತೀರಿ ಎಂದು ಒಮ್ಮೆ ಸಿಸ್ಟರನ್ನು ಕೇಳಿದ್ದೆ. ಅವರದು ಇಳಕಲ್ಲಿನ ಹಳೆಯ ಮುಸ್ಲಿಂ ಮನೆತನ. "ನಮ್ಮ ಮನ್ಯಾಗ ಹಂಗರಿ ಮೇಡಂ. ಕಡೇ ಹೊತ್ತಿನ್ಯಾಗ ಕಿವಿಗೆ ಕೇಳೂಹಂಗ ಓದತಾರ. ಕಣ್ಣ ಹೋಗತಾವ, ಕೈಕಾಲು ತಣ್ಣಗಾಗತಾವ. ಎಲ್ಲಕ್ಕಿಂತ ಕಡೀಗೆ ಹೋಗೂದು ಕಿವಿ ಅಂತಿದ್ರು ನಮ್ಮ ನಾನಿ. ಅವರಿಗೆ ದೇವರ ಮಾತು. ಇವರಿಗೆ ಮಕ್ಕಳ ಮಾತು. ಎರಡೂ ಒಂದ ಅಲ್ಲೇನ್ರಿ?" ಎಂದು ನಕ್ಕು, ಡ್ರಿಪ್ ಬದಲಿಸಲು ಹೋದರು.

ಆ ಆಸ್ಪತ್ರೆ ಇರುವುದು ನವನಗರದಲ್ಲಿ, ನಮ್ಮ ಕಚೇರಿಯಿಂದ ಎರಡು ರಸ್ತೆ ಆಚೆ. ಕಚೇರಿ ಅಂದರೆ ಮೇಲಂತಸ್ತಿನ ಎರಡು ಕೋಣೆ, ನಾನು, ಮತ್ತು ಇಳಕಲ್ಲಿನಿಂದ ದಿನಾ ಬಸ್ಸಿಗೆ ಬರುವ ಒಬ್ಬ ಜೊತೆಗಾರ. ಚಾಟಿಗೆ ಬೇರೆ ಆ್ಯಪ್ ಬೇಡ, ಬ್ರೌಸರಿನಲ್ಲೇ ತೆರೆಯಲಿ ಎಂದು ಮೊದಲೇ ತೀರ್ಮಾನಿಸಿದ್ದೆವು. ಹೆಸರು ನೋಂದಾಯಿಸಿ, ಪಾಸ್‌ವರ್ಡ್ ಹಾಕಿ ಎಂದರೆ ನಮ್ಮ ಕಡೆಯ ಹಿರಿಯರು ಫೋನನ್ನೇ ಕೆಳಗಿಡುತ್ತಾರೆ. ಹಾಗಾಗಿ ರೋಗಿಗೊಂದು ಲಿಂಕ್. ರೋಗಿ ಸೇರಿದ ದಿನ ಸಿಸ್ಟರ್ ಆ ಲಿಂಕನ್ನು ಮನೆಯವರ ಫೋನಿಗೆ ಕಳಿಸುತ್ತಾರೆ, ಒತ್ತಿದರೆ ಸಾಕು, ಮಾತಾಡಬಹುದು. ಸರಳವಾಗಿದೆ ಎಂದು ನಮ್ಮ ಬೆನ್ನು ನಾವೇ ತಟ್ಟಿಕೊಂಡಿದ್ದೆವು.

ಮುಂದಿನದು ತಿಳಿಯಬೇಕಾದರೆ ಇದರ ಒಳಗನ್ನು ಸ್ವಲ್ಪ ಹೇಳಬೇಕು. ಫೋನಿನ ಬ್ರೌಸರು ಸರ್ವರ್ ಎಂಬ ನಮ್ಮ ಕೇಂದ್ರ ಕಂಪ್ಯೂಟರಿಗೆ ಕೇಳುವ ಪ್ರತಿಯೊಂದೂ ಒಂದು ಕೋರಿಕೆ. "ಈ ಸಂದೇಶ ಇಟ್ಟುಕೋ" ಎನ್ನುವುದು ಒಂದು ಬಗೆ. "ಹೊಸದೇನಾದರೂ ಬಂತೇ?" ಎನ್ನುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ನಮ್ಮ ಸರ್ವರು ಕೂಡಲೇ ಇಲ್ಲ ಎನ್ನುತ್ತಿರಲಿಲ್ಲ. ಅರ್ಧ ನಿಮಿಷದಷ್ಟು ತಡೆದು ನೋಡಿ, ಅಷ್ಟರಲ್ಲಿ ಏನಾದರೂ ಬಂದರೆ ಕೊಟ್ಟು ಕಳಿಸುತ್ತಿತ್ತು, ಬಾರದಿದ್ದರೆ ಬರಿಗೈಯಲ್ಲಿ ಕಳಿಸುತ್ತಿತ್ತು. ಬ್ರೌಸರು ಮತ್ತೆ ಬಂದು ಕೇಳುತ್ತಿತ್ತು. ಮೊದಮೊದಲು ಹಳ್ಳಿಗಳ ದುರ್ಬಲ ನೆಟ್‌ವರ್ಕಿನಲ್ಲಿ ಒಂದೇ ಫೋನಿನಿಂದ ಬಂದ ಎರಡು ಸಂದೇಶಗಳು ಹಿಂದುಮುಂದಾಗುತ್ತಿದ್ದವು. ಅದಕ್ಕೆ ನಾವಿಬ್ಬರೂ ಕೂಡಿ ಒಂದು ಬೀಗ ಹಾಕಿದೆವು: ಒಂದು ಲಿಂಕಿನಿಂದ ಒಮ್ಮೆಗೆ ಒಂದೇ ಕೋರಿಕೆ ಒಳಗೆ, ಉಳಿದವು ಹೊರಗೆ ಸರದಿಯಲ್ಲಿ. ಅಂದಿನಿಂದ ಸಂದೇಶಗಳು ಸಾಲಾಗಿ ಬಂದವು. ಡಾಕ್ಟರಿಗೆ ಖುಷಿ, ನಮಗೂ ಖುಷಿ.

ಮರೋಳದ ಕಡೆಯ ಒಬ್ಬ ಹಿರಿಯರು ಸೇರಿದ್ದು ಆಮೇಲೆ. ಬೀರಪ್ಪ ದೇವರಿಗೆ ನಡೆದುಕೊಳ್ಳುವ ಮನೆತನ, ಕುರಿ ಸಾಕುತ್ತಿದ್ದವರು. ಹೃದಯ ಸೋತಿತ್ತು. ಅವರ ಮಗ ಹೊರಗೆ ಗಿಡದ ಕೆಳಗೆ ಇರುತ್ತಿದ್ದ. ಮಗಳನ್ನು ಬಾದಾಮಿಗೆ ಕೊಟ್ಟಿದ್ದರು. ಆಕೆ ಅಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮೂರು ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದಳು, ನಡುವಿನ ದಿನಗಳಲ್ಲಿ ಸಂದೇಶ. ಸಿಸ್ಟರ್ ಆಕೆಯ ಸಂದೇಶ ಓದಲು ನಿಂತರೆ ಅಜ್ಜ ಮೊದಲೇ ಕಣ್ಣು ಬಿಡುತ್ತಿದ್ದರಂತೆ. "ರೊಟ್ಟಿ ಬಡಿಯೂಮುಂದ ನಿನ್ನ ನೆನಪಾತು ಅಪ್ಪಾ" ಎಂದು ಒಂದು ದಿನ ಬಂತು. ಅಜ್ಜ ಹ್ಞೂಂ ಎಂದದ್ದಲ್ಲದೆ, "ತೆಳ್ಳಗ ಬಡಿಯಾಕ ಹೇಳ್ರಿ ಆಕಿಗೆ" ಎಂದರಂತೆ. ಸಿಸ್ಟರ್ ಅದನ್ನೂ ಟೈಪ್ ಮಾಡಿ ಕಳಿಸಿದರು.

ಒಂದು ಮಧ್ಯಾಹ್ನ ಸಿಸ್ಟರ್ ನನಗೆ ಫೋನ್ ಮಾಡಿದರು. "ಒಂದ ಸಲ ಬಂದು ಹೋಗ್ತೀರೇನ್ರಿ ಮೇಡಂ" ಎಂದಷ್ಟೇ ಹೇಳಿದರು. ಅವರ ದನಿ ಕೇಳಿ ನಾನು ಏನು, ಎತ್ತ ಎಂದು ಕೇಳಲಿಲ್ಲ. ಹೋದಾಗ ಅಜ್ಜನ ಮಂಚ ಖಾಲಿಯಾಗಿತ್ತು. ಸಿಸ್ಟರ್ ಪರದೆಯ ಮುಂದೆ ನಿಂತಿದ್ದರು, ಕೂತಿರಲಿಲ್ಲ.

ಬೆಳಿಗ್ಗೆ ಡಾಕ್ಟರು ಮಗನನ್ನು ಕರೆದು, ಇನ್ನು ಹೇಳುವುದು ಕಷ್ಟ ಎಂದಿದ್ದರು. ಆಗಿನಿಂದ ಸಿಸ್ಟರ್ ಆ ಮಂಚ ಬಿಟ್ಟು ಸರಿದಿರಲಿಲ್ಲ. ಅಲ್ಲಿಂದಲೇ ಪರದೆ ಕಾಣುತ್ತದೆ. ಎಷ್ಟು ಸಲ ಕತ್ತು ಹೊರಳಿಸಿದರೂ ಅದು ಸುಮ್ಮನಿತ್ತು. ಅಜ್ಜ ಹೋದರು. ಸಿಸ್ಟರ್ ಮೇಜಿಗೆ ಬಂದು ಮನೆಯವರಿಗೆ ಟೈಪ್ ಮಾಡಿದರು: "ಅಜ್ಜಾರು ಹ್ವಾದ್ರು. ಎಲ್ಲಾರೂ ಬರ್ರಿ." ಅದನ್ನು ಕಳಿಸಿದ ಮರುಕ್ಷಣ, ಬೆಳಗಿನಿಂದ ಸುಮ್ಮನಿದ್ದ ಪರದೆಯ ಮೇಲೆ ಸಂದೇಶಗಳು ಒಂದರ ಮೇಲೊಂದು ಬಿದ್ದವು. ಎಲ್ಲವೂ ಬೆಳಗಿನವು. ಅವುಗಳ ನಡುವೆ ಮಗಳದು: "ಅಪ್ಪಾ, ಹೊಂಟೇನಿ. ಬಸ್ಸಿನ್ಯಾಗ ಅದೇನಿ. ನಾ ಬರೂತನಕಾ ಕಣ್ಣ ಮುಚ್ಚಬ್ಯಾಡ."

"ನಾ ಇಲ್ಲೇ ಇದ್ನಿರಿ" ಎಂದರು ಸಿಸ್ಟರ್. "ಕಿವಿ ಇನ್ನೂ ಕೇಳತಿತ್ತು. ಹೆಸರು ಕರದ್ರ ಹುಬ್ಬ ಅಲುಗಸ್ತಿದ್ರು. ಇದು ಬಂದಿದ್ರ ನಾ ಓದತಿದ್ದೆ ಮೇಡಂ. ಖರೇನ ಓದತಿದ್ದೆ."

ಮಗಳು ಅಜ್ಜನನ್ನು ಮಣ್ಣಿಗೆ ಒಯ್ಯುವ ಮುನ್ನ ಊರಿಗೆ ಮುಟ್ಟಿದಳು ಎಂದು ಆಮೇಲೆ ತಿಳಿಯಿತು. ಉಸಿರಿದ್ದಾಗ ಮುಟ್ಟಲಿಲ್ಲ. ಆ ಸಂದೇಶ ವೇಳೆಗೆ ಬಂದಿದ್ದರೂ ಅಜ್ಜ ಉಳಿಯುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಮಗಳು ಬರುತ್ತಿದ್ದಾಳೆಂದು ಕೇಳಿಸಿಕೊಂಡು ಹೋಗುವುದಕ್ಕೂ, ಕೇಳದೆ ಹೋಗುವುದಕ್ಕೂ ವ್ಯತ್ಯಾಸವಿಲ್ಲ ಎಂದು ನನ್ನಿಂದ ಹೇಳಲಾಗದು.

ಮರುದಿನದಿಂದ ಕಾರಣ ಹುಡುಕಲು ಕೂತೆವು. ಜೊತೆಗಾರ ಮೊದಲು ನೆಟ್‌ವರ್ಕಿನ ಮೇಲೆ ಗುಮಾನಿ ಪಟ್ಟ. ಆದರೆ ಅಜ್ಜ ಹೋದ ಅದೇ ಬೆಳಿಗ್ಗೆ ಬೇರೆ ಮಂಚಗಳ ಸಂದೇಶಗಳು ಸರಾಗವಾಗಿ ಬಂದಿದ್ದವು. ಸರ್ವರು ದಣಿದಿತ್ತೇನೋ ಎಂದು ನೋಡಿದರೆ ಅದು ಆಕಳಿಸುತ್ತ ಕೂತಿತ್ತು, ಅದಕ್ಕೆ ಕೆಲಸವೇ ಇರಲಿಲ್ಲ. ಮಂದಿ ಒಮ್ಮೆಲೇ ಬಂದರೆ ಹೇಗಿರುತ್ತದೆ ನೋಡೋಣ ಎಂದು ಸುಳ್ಳು ಫೋನುಗಳ ಒಂದು ದಂಡನ್ನೇ ಕಟ್ಟಿದೆವು. ಒಂದೊಂದು ಫೋನಿಗೆ ಒಂದೊಂದು ಲಿಂಕ್ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಸರ್ವರಿನ ಮೇಲೆ ಬಿಟ್ಟೆವು. ಅದು ಜಗ್ಗಲಿಲ್ಲ. ಎಲ್ಲ ಕೋರಿಕೆಗಳಿಗೂ ಥಟ್ಟನೆ ಉತ್ತರ. ಎಲ್ಲ ಸರಿಯಿದೆ ಎಂದು ಹೇಳುವ ಪರೀಕ್ಷೆಯನ್ನು ನಾನು ಅಷ್ಟು ದ್ವೇಷಿಸಿದ್ದು ಅದೇ ಮೊದಲು. ಎದುರಿಗೆ ಕೂತ ಜೊತೆಗಾರನ ಮೇಲೂ ಸುಮ್ಮಸುಮ್ಮನೆ ಹರಿಹಾಯ್ದೆ. ಅವನು ಎದ್ದು ಹೋಗಿ ಎರಡು ಕಪ್ ಚಹಾ ತಂದು, ಒಂದನ್ನು ನನ್ನ ಮುಂದಿಟ್ಟು, ಮತ್ತೆ ಸರ್ವರಿನ ಲಾಗ್ ದಾಖಲೆ ಓದತೊಡಗಿದ.

ಅಷ್ಟರಲ್ಲಿ ಮಗಳು ಬಂದಳು. ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು, ಅಣ್ಣನನ್ನು ಕೆಳಗೆ ನಿಲ್ಲಿಸಿ, ಒಬ್ಬಳೇ ಮೆಟ್ಟಿಲು ಹತ್ತಿ ಬಂದಿದ್ದಳು. ನನ್ನದೇ ವಯಸ್ಸು. ಕೊಟ್ಟ ನೀರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

"ಅಕ್ಕಾರ, ನನಗ ಯಾರ ಮ್ಯಾಲೂ ಸಿಟ್ಟಿಲ್ರಿ. ನಾ ಕಳಿಸಿದ್ದು ಅಪ್ಪಗ ಮುಟ್ಟೇತೋ ಇಲ್ಲೋ, ಅಷ್ಟ ಹೇಳ್ರಿ."

ಮುಟ್ಟಿತ್ತು ಎಂದರೆ ಆಕೆ ಸಮಾಧಾನದಿಂದ ಎದ್ದು ಹೋಗುತ್ತಿದ್ದಳು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆಕೆ ನೆಟ್ಟಗೆ ನನ್ನ ಮುಖ ನೋಡುತ್ತಿದ್ದಳು. "ಮುಟ್ಟಿಲ್ರಿ" ಎಂದೆ.

ಆಕೆ ಅಳಲಿಲ್ಲ. ಫೋನು ತೆಗೆದು ನನ್ನ ಮುಂದೆ ಹಿಡಿದಳು. "ಇಲ್ಲಿ ಹೋಗೇತಿ ಅಂತ ತೋರಸತೈತಲ್ರಿ. ಇದನ್ನ ನೋಡೇ ನಾ ಸುಮ್ಮ ಕುಂತೆ. ಕೆರೂರ ಹತ್ರ ಗಾಡಿ ಪಂಚರ್ ಆಗಿತ್ತು. ಅಣ್ಣಗ ಫೋನ್ ಮಾಡಬಹುದಿತ್ತು. ಮಾಡಿದ್ರ ಅಣ್ಣಗ ಮುಟ್ಟತಿತ್ತು, ಒಳಗ ಅವಂಗ ಬಿಡಂಗಿಲ್ಲ. ನನಗ ಅಪ್ಪಗ ಮುಟ್ಟಬೇಕಾಗಿತ್ತು."

ಆಕೆಯ ಪರದೆಯ ಮೇಲೆ ಆ ಸಂದೇಶ ಅಚ್ಚುಕಟ್ಟಾಗಿ ಕೂತಿತ್ತು. ಕಳಿಸುವ ಗುಂಡಿ ಒತ್ತಿದೊಡನೆ, ಸರ್ವರಿನ ಉತ್ತರಕ್ಕೂ ಕಾಯದೆ, ಸಂದೇಶ ಹೋದಂತೆ ತೋರಿಸುವ ಹಾಗೆ ಬರೆದಿದ್ದೆವು. ಚಾಟ್ ಚುರುಕಾಗಿದೆ ಎನಿಸಲಿ ಎಂದು. ಅದನ್ನು ಆಕೆಗೆ ಹೇಳಿದೆ.

"ಮತ್ತ ನಮ್ಮ ಹುನಗುಂದದ ಕಾಕಾಂದೂ ಹೋಗಿಲ್ಲಂತಲ್ರಿ? ಇಳಕಲ್ಲ ತಮ್ಮಂದೂ?" ಎಂದಳು ಆಕೆ.

"ಅವರು ಹೆಂಗ ಕಳಿಸಿದ್ರು? ಲಿಂಕ್ ನಿಮ್ಮ ಅಣ್ಣನ ಫೋನಿಗೆ ಕೊಟ್ಟಿದ್ದು."

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಣ್ಣ ಅದನ್ನ ನಮ್ಮ ಮಂದಿ ಗ್ರೂಪಿನ್ಯಾಗ ಹಾಕಿದ್ದ. ಹಾಕಲಾರದ ಇರತಾರೇನ್ರಿ? ಹುನಗುಂದದವರು, ಇಳಕಲ್ಲ ಕಲ್ಲಿನ ಕ್ವಾರಿಗೆ ಹೋಗೋ ಹುಡುಗ್ರು, ಕಲಾದಗಿ ಚಿಗವ್ವ, ಊರಾಗಿನವರು ಎಲ್ಲಾರೂ ಅದರಾಗ ನೋಡತಿದ್ರು. ಆವತ್ತ ಡಾಕ್ಟರು ಹಂಗಂದ್ರು ಅಂತ ಗೊತ್ತಾದ ಮ್ಯಾಲ ಯಾರೂ ಫೋನ್ ಕೆಳಗ ಇಟ್ಟಿಲ್ಲ. ಊರಾಗ ಗುಡಿ ಕಟ್ಟಿ ಮ್ಯಾಲ ಅದನ್ನ ತಕ್ಕೊಂಡ ಕುಂತಿದ್ರಂತ."

"ಎಷ್ಟ ಮಂದಿ ಇದ್ದೀರಿ?"

"ಎಣಿಸೂದು ಹೆಂಗ್ರಿ ಅಕ್ಕಾರ? ನಮ್ಮ ಬಳಗಾ ಅದು."

ಜೊತೆಗಾರ ತನ್ನ ಕುರ್ಚಿ ತಿರುಗಿಸಿದ. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ನಮ್ಮ ಸುಳ್ಳು ಫೋನುಗಳಿಗೆ ಒಂದೊಂದಕ್ಕೂ ಒಂದೊಂದು ಲಿಂಕ್ ಕೊಟ್ಟಿದ್ದೆವು. ಇಲ್ಲಿ ಎಲ್ಲ ಫೋನಿಗೂ ಒಂದೇ ಲಿಂಕ್, ಆ ಲಿಂಕಿಗೆ ಒಂದೇ ಬೀಗ. ಒಂದು ಫೋನು "ಹೊಸದೇನಾದರೂ ಬಂತೇ?" ಎಂದು ಒಳಗೆ ಹೋಗಿ ಅರ್ಧ ನಿಮಿಷ ಕೂತರೆ ಉಳಿದವೆಲ್ಲ ಹೊರಗೆ. ಅದು ಬರಿಗೈಯಲ್ಲಿ ಹೊರಬಂದ ಮೇಲೆ ಇನ್ನೊಂದು ಒಳಗೆ, ಮತ್ತೆ ಅರ್ಧ ನಿಮಿಷ. ಕಾದು ಬೇಸತ್ತ ಬ್ರೌಸರು ಹಳೆಯ ಕೋರಿಕೆ ಬಿಟ್ಟು ಹೊಸದನ್ನು ಹಾಕುತ್ತದೆ, ಬಿಟ್ಟುಹೋದ ಕೋರಿಕೆಯೂ ಸರದಿಯಲ್ಲಿ ಹಾಗೇ ನಿಂತಿರುತ್ತದೆ. ಅದರ ಹಿಂದೆ, ಎಲ್ಲೋ ಕೊನೆಯಲ್ಲಿ, "ಈ ಸಂದೇಶ ಇಟ್ಟುಕೋ" ಎಂದು ಬಂದ ಮಗಳ ಕೋರಿಕೆ. ವಾರ್ಡಿನ ಕಂಪ್ಯೂಟರಿಗೆ ಈ ಲಿಂಕೂ ಇಲ್ಲ, ಬೀಗವೂ ಇಲ್ಲ. ಸಿಸ್ಟರ್ ನಡುವೆ ಏನಾದರೂ ಟೈಪ್ ಮಾಡಿದ್ದರೆ, ಕಾಯುತ್ತಿದ್ದ ಎಲ್ಲ ಫೋನುಗಳಿಗೂ ಹೊಸದು ಸಿಕ್ಕು ಸರದಿ ಸರಸರನೆ ಕರಗುತ್ತಿತ್ತು. ಅವರು ಟೈಪ್ ಮಾಡಲಿಲ್ಲ, ಅಜ್ಜನ ಕೈ ಹಿಡಿದು ಕೂತಿದ್ದರು. ಕೊನೆಗೆ ಆ ಸರದಿಯನ್ನು ಕರಗಿಸಿದ್ದು ಸಾವಿನ ಸುದ್ದಿ.

ಇದನ್ನು ಆಕೆಗೆ ಹೇಳಲೇಬೇಕಿತ್ತು. ನಳದ ಮಾತು ತೆಗೆದೆ. ಊರಲ್ಲಿ ನಳಕ್ಕೆ ನೀರು ಬರುವ ಮುನ್ನ ಸರದಿಗೆ ಕೊಡ ಇಟ್ಟು ಮನೆಗೆ ಹೋಗುತ್ತಾರಲ್ಲ, ಹಾಗೆ. ಮಂದಿ ಇರುವುದಿಲ್ಲ, ಕೊಡ ಇರುತ್ತದೆ. ಖಾಲಿ ಕೊಡಗಳ ಹಿಂದೆ ನಿಂತವರು ನಿಂತೇ ಇರಬೇಕು.

ಆಕೆ ಲೋಟವನ್ನು ಕೆಳಗಿಟ್ಟಳು. "ಅಂದ್ರ ನನ್ನ ಕೊಡಾ ನಮ್ಮ ಮಂದಿ ಕೊಡದ ಹಿಂದನ ಉಳೀತು ಅನ್ರಿ."

"ಅದು ನಿಮ್ಮ ಮಂದಿ ತಪ್ಪಲ್ಲವ್ವಾ. ಅಷ್ಟ ಮಂದಿಗೆ ಒಂದ ನಳಾ ಇಟ್ಟವರು ನಾವು."

ಆಗ ಆಕೆ ಅತ್ತಳು. ನನಗೂ ತಡೆಯಲಾಗಲಿಲ್ಲ.

ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದೆ ಎಲ್ಲವನ್ನೂ ಇಟ್ಟೆವು. ಅವರು ಕೆಟ್ಟವರಲ್ಲ, ಅವಸರದವರು. ಎಲ್ಲ ಕಾಯಿಲೆಗೂ ಅವರದು ಒಂದೇ ಮೊದಲ ಮದ್ದು: ಬಂದ್ ಮಾಡ್ರಿ. "ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ ಮೇಡಂ? ಒಂದ ಮಂಚಕ್ಕ ಒಂದ ಫೋನ್ ಅಂತ ಮಾಡಿಬಿಡ್ರಿ. ಎರಡನೇದವರು ಒತ್ತಿದ್ರ ಅದು ತೆರೀಬಾರದು. ಮುಗೀತಲ್ಲ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಎಂದು ಮನಸ್ಸು ಹೇಳಿತು. ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಅದು ಹಿತವೆನಿಸಿತ್ತು. ನಾಲ್ಕು ಸಾಲು ಬರೆದರೆ ಮುಗಿಯುವ ಕೆಲಸ. ಬಳಗದವರ ಫೋನುಗಳಿಗೆ "ಈ ಲಿಂಕ್ ಬೇರೆಯವರ ಬಳಿ ತೆರೆದಿದೆ" ಎಂದು ತೋರಿಸಿ ಕೈ ತೊಳೆದುಕೊಳ್ಳಬಹುದು. ಇನ್ನೊಂದು ದಾರಿ ಅಂದರೆ ಅಡಿಪಾಯದಿಂದ ಕಿತ್ತು ಕಟ್ಟಬೇಕು. ನಾನು ಬಹಳ ದಣಿದಿದ್ದೆ.

ಫೈಲುಗಳಿಗೆ ಸಹಿ ಮಾಡಿಸಿಕೊಳ್ಳಲು ಬಂದು ನಿಂತಿದ್ದ ಸಿಸ್ಟರ್ ಆಗ ಬಾಯಿ ತೆರೆದರು. "ಸರ್, ಹಂಗ ಮಾಡಿದ್ರ ಆ ಒಂದ ಫೋನ್ ಗಂಡಸೂರ ಕೈಯಾಗ ಇರತೈತಿ ನೋಡ್ರಿ. ಕೊಟ್ಟ ಹೆಣ್ಮಕ್ಕಳು ಯಾರ ಫೋನ್ಯಾಗ ನೋಡಬೇಕು?"

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಆ ಮಾತು ಕೇಳಿ ಎದ್ದು ನಿಂತೆ. "ಒಂದ ಫೋನ್ ಮಾಡೂದಿಲ್ಲ ಸರ್. ಲಿಂಕ್ ಎಷ್ಟ ಮಂದಿ ಬೇಕಾದ್ರೂ ತಗೀಲಿ. ಅಷ್ಟೂ ಮಂದಿ ಮಾತು ಒಮ್ಮಿಗೇ ಮುಟ್ಟೂ ಹಂಗ ಮಾಡತೇವಿ. ನಮಗ ಸ್ವಲ್ಪ ಟೈಮ್ ಕೊಡ್ರಿ." ಹೇಗೆ ಮಾಡುತ್ತೇವೆಂದು ಆಗ ನನಗೇ ಪೂರ್ತಿ ಗೊತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ ಜೊತೆಗಾರ, "ಭಾಳ ದೊಡ್ಡ ಮಾತ ಆಡಿ ಬಂದ್ರಿ" ಎಂದ. ಆದರೂ ಅವನ ಹೆಜ್ಜೆ ನನ್ನದಕ್ಕಿಂತ ಚುರುಕಾಗಿತ್ತು.

ಮೊದಲು ಬೀಗ ತೆಗೆದೆವು. ಪೂರ್ತಿ ತೆಗೆದದ್ದೇ ತಪ್ಪಾಯಿತು. ಬೀಗ ಯಾತಕ್ಕೆ ಹಾಕಿದ್ದೆವೋ ಆ ಪೀಡೆ ಎರಡರಷ್ಟಾಗಿ ತಿರುಗಿ ಬಂತು. ಒಂದೇ ಸಂದೇಶ ಮೂರು ಸಲ ಮೂಡಿತು. ಫೋನು ಉತ್ತರ ಬರಲಿಲ್ಲವೆಂದು ಮತ್ತೆ ಕಳಿಸಿದ್ದನ್ನು ಸರ್ವರು ಹೊಸದೆಂದೇ ತಿಳಿಯುತ್ತಿತ್ತು. ಇನ್ನೂ ಭಯವಾದದ್ದು ಬೇರೆ. ಒಂದು ಫೋನು ಕೇಳಿದ ಎರಡು ಕೋರಿಕೆಗಳಲ್ಲಿ ಮೊದಲು ಕೇಳಿದ್ದರ ಉತ್ತರ ಕೊನೆಗೆ ಬಂದರೆ, ಸಂದೇಶಗಳ ಹೊಸ ಪಟ್ಟಿಯ ಮೇಲೆ ಹಳೆಯ ಪಟ್ಟಿ ಬಂದು ಕೂರುತ್ತಿತ್ತು. ಪರೀಕ್ಷೆಗೆಂದು ಜೊತೆಗಾರ "ಹುಶಾರಿಲ್ಲ" ಎಂದೂ, ಆಮೇಲೆ "ಈಗ ಹುಶಾರದಾರ" ಎಂದೂ ಕಳಿಸಿದ. ನನ್ನ ಫೋನಿನಲ್ಲಿ ಎರಡನೆಯದು ಬಂದು, ಕಣ್ಣೆದುರಿಗೇ ಮಾಯವಾಗಿ, ಮೊದಲನೆಯದಷ್ಟೇ ಉಳಿಯಿತು. ಇದು ಖರೇ ವಾರ್ಡಿನಲ್ಲಿ ಆಗಿದ್ದರೆ?

ಜೊತೆಗಾರನ ಮನೆಯಲ್ಲಿ ಮಗ್ಗವಿದೆ. ಅವನು ಸಿಟ್ಟು ಬಂದಾಗ ಪ್ರೋಗ್ರಾಮಿನ ಕೋಡನ್ನು ಕೋಡೆಂದು ಬೈಯುವುದಿಲ್ಲ, ನೂಲನ್ನು ಬೈದಂತೆ ಬೈಯುತ್ತಾನೆ. "ಸಿಕ್ಕಾತಂತ ಎಲ್ಲಾ ಎಳೀನೂ ಹಿಡಕೊಂಡ ಕುಂತ್ರ ಹೆಂಗ್ರಿ? ಸಿಕ್ಕ ಇದ್ದಲ್ಲಿ ಅಷ್ಟ ಬೊಟ್ಟ ಇಡಬೇಕು" ಎಂದ. ನಮ್ಮ ಪರಿಹಾರ ಅಲ್ಲಿಂದ ಶುರುವಾಯಿತು. ಬೀಗ ಬೇಕು, ಆದರೆ ಸಂದೇಶವನ್ನು ಬರೆದಿಡುವ ಕಣ್ಣೆವೆಯಷ್ಟು ಹೊತ್ತು ಮಾತ್ರ. ಬರೆಯುವಾಗ ಪ್ರತಿ ಸಂದೇಶಕ್ಕೂ ಸರ್ವರು ಒಂದು ಕ್ರಮಸಂಖ್ಯೆ ಕೊಡಬೇಕು. ಕಾಯುವವರು ಎಷ್ಟು ಹೊತ್ತಾದರೂ ಕಾಯಲಿ, ಕೈಯಲ್ಲಿ ಬೀಗ ಹಿಡಿದು ಕಾಯಬಾರದು. ಒಂದೊಂದು ಫೋನಿಗೂ ಲಿಂಕಿನ ಒಳಗೇ ತನ್ನದೇ ಗುರುತು. ಫೋನು ಕಳಿಸುವ ಪ್ರತಿ ಸಂದೇಶಕ್ಕೂ ತಾನೇ ಒಂದು ಗುರುತು ಹಚ್ಚಿ ಕಳಿಸಬೇಕು, ಅದೇ ಗುರುತು ಮತ್ತೆ ಬಂದರೆ ಸರ್ವರು "ಇದು ನನ್ನ ಬಳಿ ಇದೆ" ಎಂದು ಹಿಂದಕ್ಕೆ ಕಳಿಸಬೇಕು. ಬ್ರೌಸರು ತನ್ನಲ್ಲಿರುವುದಕ್ಕಿಂತ ಹಳೆಯ ಉತ್ತರ ಬಂದರೆ ಅದನ್ನು ಬದಿಗೆ ಎಸೆಯಬೇಕು. ಬಿಟ್ಟುಹೋದ ಫೋನಿನ ಕೋರಿಕೆಯನ್ನು ಸರ್ವರು ಗುರುತಿಸಿ ಸರದಿಯಿಂದ ತೆಗೆಯಬೇಕು.

ಕೊನೆಯದೊಂದನ್ನು ನಾನೇ ಹಟ ಹಿಡಿದು ಸೇರಿಸಿದೆ. ಕಳಿಸಿದ ಸಂದೇಶ ಮೊದಲು ಮಸುಕಾಗಿ ಕಾಣಬೇಕು. ಸರ್ವರಿಗೆ ಮುಟ್ಟಿದ ಮೇಲಷ್ಟೇ ಕಪ್ಪಾಗಬೇಕು. ಮುಟ್ಟದಿದ್ದರೆ ಕೆಳಗೆ ಕೆಂಪಕ್ಷರದಲ್ಲಿ "ಇನ್ನೂ ಮುಟ್ಟಿಲ್ಲ, ಫೋನ್ ಮಾಡಿ" ಎಂದು ವಾರ್ಡಿನ ನಂಬರಿನ ಸಮೇತ ಬರಬೇಕು. ಚಾಟ್ ನಿಧಾನ ಎನಿಸಿದರೂ ಅಡ್ಡಿಯಿಲ್ಲ. ಅದನ್ನು ಬರೆದ ದಿನ ಕೆರೂರಿನ ಹತ್ತಿರ ನಿಂತ ಬಸ್ಸು ನನ್ನ ತಲೆಯಿಂದ ಹೋಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆಯನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಳೋ. ಅದು ಇಷ್ಟು ಕಹಿ ಎಂದು ಗೊತ್ತಿರಲಿಲ್ಲ.

ಸುಳ್ಳು ಫೋನುಗಳ ಪರೀಕ್ಷೆಯಲ್ಲಿ ಎಲ್ಲವೂ ಪಾಸಾಯಿತು. ಈ ಸಲ ನಾನು ಅದನ್ನು ನಂಬಲಿಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ಕಂಪನಿಯ ಸಿಮ್ಮು, ಒಡೆದ ಗಾಜಿನ ಹಳೆಯ ಫೋನು, ಒಂದೇ ಲಿಂಕಿನ ಮೇಲೆ ಒಮ್ಮೆಲೇ ಬೀಳುವ ಖರೇ ಮಂದಿ ಬೇಕಿತ್ತು. ಅಂಥ ಬಳಗವನ್ನು ಎಲ್ಲಿಂದ ತರುವುದು? ಆಸ್ಪತ್ರೆಯಲ್ಲಿ ರೋಗಿಯಿದ್ದ ಯಾವ ಮನೆಯವರ ಮೇಲೂ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ.

ಕೆಲಸ ಮುಗಿಯಿತೆಂದು ಮಗಳಿಗೆ ತಿಳಿಸಲು ಫೋನ್ ಮಾಡಿದ್ದೆ. ಅಷ್ಟೇ ಉದ್ದೇಶ. ಆಕೆಯೇ ಕೇಳಿದಳು. "ಮಂದಿ ಬೇಕಾಗೇತೇನ್ರಿ? ಗುರುವಾರ ಅಪ್ಪನ ದಿನಕರ್ಮದ ಊಟಾ ಐತಿ. ಎಲ್ಲಾರೂ ಊರಿಗೆ ಬರತಾರ, ಬರಲಾರದವರು ತಮ್ಮ ಊರಾಗ ಇರತಾರ. ಅಪ್ಪನ ಲಿಂಕ್ ಇನ್ನೂ ಎಲ್ಲಾರ ಫೋನ್ಯಾಗ ಐತಿ. ಯಾರೂ ಅಳಸಿ ಹಾಕಿಲ್ಲ."

"ಬ್ಯಾಡವ್ವಾ. ಅಂಥಾ ದಿನಾ..." ಎಂದೆ.

"ಅವತ್ತು ನಮ್ಮ ಮಂದೀನ ಅಡ್ಡ ಆಗಿತ್ತು ಅಂದ್ರಲ್ಲ. ಈ ಸಲಾ ಸರಿ ಆಗೇತೋ ಇಲ್ಲೋ ಅವರ ನೋಡಿ ಹೇಳಲಿ. ಅಪ್ಪ ಇದ್ದಿದ್ರೂ ಇದನ್ನ ಹೇಳತಿದ್ದ."

ಗುರುವಾರ ಜೊತೆಗಾರ ಊಟದ ಹೊತ್ತಿಗೆ ಅಜ್ಜನ ಊರಿಗೆ ಹೋದ. ನಾನು ವಾರ್ಡಿನಲ್ಲಿ ಸಿಸ್ಟರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅಜ್ಜನ ಹೆಸರಿನ ಹಳೆಯ ಲಿಂಕನ್ನು ಅಂದಿಗೆ ಮಾತ್ರ ಮತ್ತೆ ತೆರೆದಿದ್ದೆವು. ಜೊತೆಗಾರ ಊರಿನಿಂದ ಮಾಡಿದ ಕರೆ ನನ್ನ ಕಿವಿಯಲ್ಲಿ. ಅತ್ತ ಕಡೆ ಬಳಗದ ಗದ್ದಲ, ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು ಕೇಳುತ್ತಿತ್ತು. "ಎಲ್ಲಾರೂ ತಕ್ಕೊಂಡಾರ್ರಿ ಮೇಡಂ. ಇಳಕಲ್ಲ, ಹುನಗುಂದದವರಿಗೂ ಹೇಳೀವಿ. ಒಂದ್ಹತ್ತ ನಿಮಿಷ ಸುಮ್ಮ ಕೂಡ್ರಿಸಿ, ಆಮ್ಯಾಲ ಕಳಸ್ರಿ ಅಂತೀನಿ" ಎಂದ ಅವನು.

ಹಿಂದಿನ ಸರದಿ ಕಟ್ಟಿಕೊಂಡದ್ದು ಇಂಥ ಮೌನದಲ್ಲೇ. ಹಾಗಾಗಿ ಆ ಹೊತ್ತು ನನಗೆ ಬಹಳ ಉದ್ದವೆನಿಸಿತು. ಆಮೇಲೆ ಅವನು ಅಲ್ಲಿ "ಹ್ಞಾಂ, ಕಳಸ್ರಿ" ಎಂದದ್ದು ಕೇಳಿಸಿತು. ಆ ಮಾತು ಮುಗಿಯುವ ಮೊದಲೇ ಪರದೆ ತುಂಬತೊಡಗಿತು. "ಕಾಕಾ ಹುನಗುಂದದಿಂದ." "ಇಳಕಲ್ಲ ಕ್ವಾರಿ." "ಕಲಾದಗಿ ಚಿಗವ್ವ. ಮಾವಾರ, ನಿಮ್ಮ ನೆನಪ ಭಾಳ ಆಗತೈತಿ." "ದೊಡ್ಡಪ್ಪಾ, ಕುರಿ ಎಲ್ಲಾ ಹುಶಾರದಾವ." ಒಂದೂ ಎರಡು ಸಲ ಬರಲಿಲ್ಲ. ಒಂದೂ ಹಿಂದುಮುಂದಾಗಲಿಲ್ಲ. ಪರೀಕ್ಷೆಗೆ "ಒಂದು, ಎರಡು" ಎಂದು ಬರೆದರೆ ಸಾಕು ಎಂದು ಹೇಳಿ ಕಳಿಸಿದ್ದೆ. ಯಾರೂ ಹಾಗೆ ಬರೆದಿರಲಿಲ್ಲ.

ಎಲ್ಲಕ್ಕೂ ಕೊನೆಗೆ ಮಗಳದು ಬಂತು. "ಅಪ್ಪಾ, ಬಂದೇನಿ."

ಸಿಸ್ಟರ್ ಎದ್ದರು. ಅಷ್ಟು ದಿನದ ರೂಢಿ, ಕಾಲು ತಾನಾಗಿ ಆ ಮಂಚದ ಕಡೆ ನಡೆಯಿತು. ಅಲ್ಲಿ ಬೇರೆ ಯಾರೋ ಮಲಗಿದ್ದರು, ನಿದ್ದೆಯಲ್ಲಿದ್ದರು. ಸಿಸ್ಟರ್ ವಾರ್ಡಿನ ನಡುವೆ ನಿಂತರು. ತಿರುಗಿ ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, ಎಂದಿನ ಹಾಗೆ, ಒಂದಕ್ಷರ ಬಿಡದೆ ಓದಿದರು. "ಅಜ್ಜಾ, ಕೇಳ್ರಿ. ನಿಮ್ಮ ಮಗಳು ಬಂದಾಳಂತ."

ನನ್ನ ಕಿವಿಯಲ್ಲಿ ಜೊತೆಗಾರನ ದನಿ ಸಣ್ಣಗಾಗಿತ್ತು. "ಮೇಡಂ, ಅಜ್ಜಾರ ಮಗಳು ಫೋನ್ ನೋಡಕೋಂತ ನಿಂತಾರ. ಸಿಸ್ಟರು ಏನರ ಬರೀತಾರೇನ್ರಿ?"

ಸಿಸ್ಟರ್ ಬಂದು ಕೂತರು. ಕೀಲಿಮಣೆಯ ಮೇಲೆ ಅವರ ಬೆರಳು ಅಭ್ಯಾಸದಿಂದ "ಹ್" ಒತ್ತಿತು. ಅದನ್ನು ಅಳಿಸಿದರು. ಕಣ್ಣೊರೆಸಿಕೊಂಡು, ಮೆಲ್ಲಗೆ ಟೈಪ್ ಮಾಡಿದರು: "ಓದೀನವ್ವಾ. ಜೋರಾಗಿ ಓದೀನಿ."

ಕಳಿಸುವ ಗುಂಡಿ ಒತ್ತಿದರು. ಮಸುಕಾಗಿದ್ದ ಅಕ್ಷರ ಕಪ್ಪಾಯಿತು.

"ಬಂತ್ರಿ ಮೇಡಂ" ಎಂದ ಜೊತೆಗಾರ ಅತ್ತ ಕಡೆಯಿಂದ. "ಅಲ್ಲಿ ಒತ್ತಿದ ಸಪ್ಪಳದ ಹಿಂದನ ಬಂತು."